ಮೆಣಸಿನಕಾಯಿ ದೋಣಿ ಮಗುಚಿದ ಮೇಲೆ

ದೋಣಿ ಅಪಘಾತಗಳ ಕಾರಣ ಹುಡುಕುವ ಕೆಲಸ ಮಾಡಿ ಹಾವೇರಿಯಲ್ಲಿ ನಿವೃತ್ತನಾದೆ ಎಂದರೆ ಈಗಿನವರು ನಗುತ್ತಾರೆ. ಹಾವೇರಿಯಲ್ಲಿ ಸಮುದ್ರ ಎಲ್ಲಿದೆ ಎಂದು ಕೇಳುತ್ತಾರೆ. ಸಮುದ್ರ ಇಲ್ಲ, ನಿಜ. ಆದರೆ ಒಂದು ಕಡೆ ವರದಾ, ಇನ್ನೊಂದು ಕಡೆ ತುಂಗಭದ್ರಾ ಇವೆ. ಎಂಬತ್ತರ ದಶಕದಲ್ಲಿ ಅವುಗಳ ಮೇಲೆ ಈಗಿನಷ್ಟು ಸೇತುವೆಗಳಿರಲಿಲ್ಲ. ದೋಣಿಯಲ್ಲೋ ಹರಗೋಲಿನಲ್ಲೋ ಹೊಳೆ ದಾಟುವ ಜಾಗಗಳಿಗೆ ನಾವು ಕಡವು ಎನ್ನುತ್ತಿದ್ದೆವು. ಕಡವು ಇದ್ದಲ್ಲೆಲ್ಲ ಜನ ನೀರಿಗೆ ಬೀಳುತ್ತಿದ್ದರು. ಬಿದ್ದವರನ್ನು ಎತ್ತುವುದು ಊರವರ ಕೆಲಸ. ಯಾಕೆ ಬಿದ್ದರು ಎಂದು ಬರೆಯುವುದು ನನ್ನ ಕೆಲಸ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಮುಂದೆ ಕಂಪ್ಯೂಟರ್ ಇದೆ, ‘ಮಾನವ ಅಂಶ’ ಎಂಬ ಗಂಭೀರವಾದ ಹೆಸರೂ ಇದೆ. ನಮ್ಮ ಕಾಲದಲ್ಲಿ ಹೆಸರಿರಲಿಲ್ಲ, ಅಂಶ ಮಾತ್ರ ಬೇಕಾದಷ್ಟಿತ್ತು. ಬಡ್ತಿ, ವರ್ಗಾವಣೆಗಳ ಕಥೆ ನಾನು ಹೇಳುವುದಿಲ್ಲ, ಅದರಲ್ಲಿ ಯಾರಿಗೂ ರುಚಿಯಿಲ್ಲ. ನಾನು ನೋಡಿದ ಒಂದೆರಡು ಪ್ರಕರಣಗಳನ್ನೂ, ನಾನೇ ಒಳಗೆ ಕೂತಿದ್ದಾಗ ಮಗುಚಿದ ಒಂದು ದೋಣಿಯ ಕಥೆಯನ್ನೂ ಹೇಳುತ್ತೇನೆ. ಆ ದೋಣಿ ಈಗಲೂ ವಾರಕ್ಕೊಮ್ಮೆಯಾದರೂ ನನ್ನ ತಲೆಯೊಳಗೆ ಮಗುಚುತ್ತದೆ. ಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದು ಘಾಟು ಎದ್ದರೆ ಸಾಕು, ನಾನು ಕೂತ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ನನ್ನ ಹೆಂಡತಿ ಒಳಗಿನಿಂದಲೇ, “ಹಿಡಕೊಂಡ್ರೇನ್ರಿ?” ಎಂದು ಕೇಳುತ್ತಾಳೆ.

ನಮ್ಮ ಕಚೇರಿ ಹಾವೇರಿ ರೈಲು ನಿಲ್ದಾಣದ ಹತ್ತಿರ ಒಂದು ಮಾಳಿಗೆಯ ಮೇಲಿತ್ತು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಹುಬ್ಬಳ್ಳಿ ಕಡೆಯ ಗಾಡಿ ಹೋಗುವಾಗ ಮೇಜಿನ ಮೇಲಿನ ಮಸಿ ದೌತಿ ತಾನೇ ತಾನಾಗಿ ಸರಿದು ಅಂಚಿಗೆ ಬರುತ್ತಿತ್ತು. ಇಂಜಿನಿಯರಿಂಗ್ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ ದಿನ ನಮ್ಮ ಅಮ್ಮ ಸಿಹಿ ಹಂಚಲಿಲ್ಲ, ಹರಕೆ ಹೊತ್ತಳು. “ಬೇಟಾ, ಪಾನೀ ಕೇ ಪಾಸ್ ನಕ್ಕೋ ಜಾ,” ಎಂದಳು. ನೀರಿನ ಹತ್ತಿರ ಹೋಗದೆ ದೋಣಿ ಪರೀಕ್ಷೆ ಮಾಡುವುದು ಹೇಗೆ ಎಂದು ನಾನು ಕೇಳಿದೆ. “ದೂರ್ ಸೇ ದೇಖ್,” ಎಂದಳು. ದೂರದಿಂದಲೇ ನೋಡು. ಆಕೆಯ ಆ ಮಾತಿನಲ್ಲಿ ಅರ್ಥವಿತ್ತು ಎಂದು ಗೊತ್ತಾಗಲು ನನಗೆ ಕೆಲವು ವರ್ಷ ಹಿಡಿದವು.

ನಮ್ಮ ಸಾಹೇಬರ ಹೆಸರು ಕುಲಕರ್ಣಿ. ಧಾರವಾಡದವರು. ಹರೆಯದಲ್ಲಿ ಮುಂಬಯಿಗೆ ಹೋಗಿ ಸರಕು ಹಡಗಿನ ಮೇಲೆ ಕೆಲಸ ಮಾಡಿ ಬಂದಿದ್ದರು. ಅವರ ಎಲ್ಲ ಮಾತುಗಳೂ “ನಾ ಹಡಗಿನ ಮ್ಯಾಲೆ ಇದ್ದಾಗ” ಎಂದೇ ಶುರುವಾಗುತ್ತಿದ್ದವು. ಬಿಳಿ ಕ್ಯಾನ್ವಾಸ್ ಬೂಟು, ಬಿಳಿ ಟೊಪ್ಪಿಗೆ. ಹೊಳೆಯ ಕೆಸರಿನಲ್ಲಿಯೂ ಆ ಬೂಟು ಬಿಳಿಯಾಗಿಯೇ ಉಳಿಯುತ್ತಿದ್ದುದು ನಮಗೆಲ್ಲ ಒಂದು ಆಶ್ಚರ್ಯ. ಕೈ ಶುದ್ಧ, ಮಾತು ಒರಟು. ಅವರದು ಒಂದೇ ತತ್ವ, ನಾನು ಕೆಲಸಕ್ಕೆ ಸೇರಿದ ದಿನವೇ ನನಗೆ ಹೇಳಿದ್ದು.

“ಚುಕ್ಕಾಣಿ ಯಾರ ಕೈಯಾಗ ಇರ್ತದೋ ತಪ್ಪು ಅವರ ಕುತ್ತಿಗಿಗೆ. ಸಮುದ್ರದ ಕಾನೂನು ಅದ, ನಜೀರ.”

“ಸರ್, ನಮ್ಮ ದೋಣಿಗೆ ಚುಕ್ಕಾಣೀನ ಇಲ್ರಿ. ಬಿದರಿನ ಗಳ ಊರಿ ದೂಡ್ತಾರ್ರಿ,” ಎಂದೆ ನಾನು.

“ಹಂಗಾರ ಗಳ ಯಾರ ಕೈಯಾಗ ಇರ್ತದೋ ಅವರ ಕುತ್ತಿಗಿಗೆ. ಮುಗೀತಲಾ?”

ಅಪಘಾತದ ವರದಿಗೆ ಅಚ್ಚು ಹಾಕಿಸಿದ ಒಂದು ಹಾಳೆ ಇತ್ತು. ಅದರಲ್ಲಿ ಕಾರಣಗಳು ನಾಲ್ಕೇ: ನೀರಿನ ರಭಸ, ಗಾಳಿ, ದೋಣಿಯ ದೋಷ, ಅಂಬಿಗನ ಅಜಾಗ್ರತೆ. ಒಂದಕ್ಕೆ ಗುರುತು ಹಾಕಿದರೆ ತನಿಖೆ ಮುಗಿಯಿತು. ಕುಲಕರ್ಣಿ ಸಾಹೇಬರು ಎಲ್ಲಿ ಗುರುತು ಹಾಕುತ್ತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಮೊದಲ ಪ್ರಕರಣ ವರದಾ ಹೊಳೆಯದು. ಮಟಮಟ ಮಧ್ಯಾಹ್ನ, ಉರಿ ಬಿಸಿಲು. ಹರಗೋಲಿನಲ್ಲಿ ಹಾವೇರಿಯ ಒಬ್ಬ ಅರಿವೆ ವ್ಯಾಪಾರಿ ದೊಡ್ಡ ಕರಿ ಕೊಡೆ ಬಿಚ್ಚಿ ಕೂತಿದ್ದ. ಸುತ್ತ ಕೂತಿದ್ದ ಉಳಿದವರು ಮಾತಾಡುತ್ತ ಮಾತಾಡುತ್ತ ಒಂದೊಂದೇ ಗೇಣು ಅವನ ಕೊಡೆಯ ನೆರಳಿಗೆ ಸರಿದರು. ಬುಟ್ಟಿಯ ಹಾಗೆ ದುಂಡಗಿರುವ ಹರಗೋಲು ಇದನ್ನು ಎಷ್ಟು ಹೊತ್ತು ಸಹಿಸೀತು? ಸೊಂಟಮಟ್ಟದ ನೀರು, ಯಾರಿಗೂ ಏನೂ ಆಗಲಿಲ್ಲ. ಕೊಡೆ ಮಾತ್ರ ತೇಲಿ ಮುಂದಿನ ಊರು ಸೇರಿತು.

ನಾನು ವ್ಯಾಪಾರಿಯನ್ನು ಕೇಳಿದೆ. ಅವನು ಸಿಟ್ಟಿಗೆದ್ದ. “ಕೊಡಿ ನಂದ್ರಿ. ನೆಳ್ಳೂ ನಂದ. ನೆಳ್ಳಾಗ ಬರ್ರಿ ಅಂತ ಒಬ್ಬರಿಗೂ ಅಂದಿಲ್ಲ ನಾ.”

ಹರಗೋಲಿನವನನ್ನು ಕೇಳಿದೆ. “ಜನಾ ಸರ್ಯೂದು ನನಗ ಕಾಣ್ಲೇ ಇಲ್ರಿ. ಒಮ್ಮೆ ನೋಡಿದ್ರ ನಾ ಒಬ್ಬಾಂವ ಈ ಕಡೆ, ಊರ ತುಂಬಾ ಆ ಕಡೆ.”

ನಾನು ಹಾಳೆಯ ಕೆಳಗೆ ಖಾಲಿ ಜಾಗದಲ್ಲಿ ‘ಅಪಘಾತದ ಕಾರಣ: ಕೊಡೆ’ ಎಂದು ಬರೆದೆ. ಕುಲಕರ್ಣಿ ಸಾಹೇಬರು ಅದನ್ನು ಇಡೀ ಕಚೇರಿಗೆ ಕೇಳುವ ಹಾಗೆ ಓದಿದರು. “ಏನಪಾ ನಜೀರ, ಕೊಡೀಗೆ ಸಮನ್ಸ್ ಕಳಸೂಣೇನು? ಹಾಜರಾಗ್ತದೋ, ಇಲ್ಲ ವಕೀಲರ್ನ ಇಡ್ತದೋ?” ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾಹೇಬರು ನನ್ನ ಸಾಲನ್ನು ಹೊಡೆದು ನಾಲ್ಕನೆಯ ಕಾರಣಕ್ಕೆ ಗುರುತು ಹಾಕಿದರು. ಅಂದಿನಿಂದ ಕಚೇರಿಯಲ್ಲಿ ನನ್ನ ಹೆಸರು ಕೊಡೆ ನಜೀರ.

ಆ ಮೇಲೆ ನಾನು ಒಂದು ದೊಡ್ಡ ಸುಧಾರಣೆ ಮಾಡಲು ಹೊರಟೆ. ಹಡಗುಗಳ ಮೈಮೇಲೆ ಎಷ್ಟು ಭಾರ ಹೇರಬಹುದು ಎಂದು ತೋರಿಸುವ ಗೆರೆ ಇರುತ್ತದೆ ಎಂದು ಸಾಹೇಬರೇ ಹೇಳಿದ್ದರು. ನಮ್ಮ ಹಲಗೆ ದೋಣಿಗಳಿಗೂ ಅಂಥ ಬಿಳಿ ಗೆರೆ ಬರೆಸೋಣ, ಗೆರೆ ನೀರಿಗೆ ಮುಟ್ಟಿತೆಂದರೆ ಇನ್ನೊಬ್ಬರನ್ನು ಹತ್ತಿಸಬಾರದು ಎಂದೆ. ಸಾಹೇಬರು ಮೊದಲ ಸಲ ನನ್ನ ಬೆನ್ನು ತಟ್ಟಿದರು. ಡಬ್ಬಿ ಬಣ್ಣ, ಕುಂಚ ಹಿಡಿದು ರಾಣೆಬೆನ್ನೂರು ತಾಲ್ಲೂಕಿನ ಹೊಳೆದಂಡೆಯ ಊರುಗಳನ್ನೆಲ್ಲ ಸುತ್ತಿದೆ.

ಮರುವರ್ಷ ನೋಡಲು ಹೋದರೆ ಒಂದು ದೋಣಿಯಲ್ಲಿ ಗೆರೆ ಮೇಲಿನ ಅಂಚಿಗೆ ಏರಿ ಕೂತಿತ್ತು. “ಯಾಕಪಾ, ಗೆರಿ ಮ್ಯಾಲೆ ಹೋಗೇತಲ್ಲ?” ಎಂದೆ.

“ದೋಣಿಗೆ ಹೊಸಾ ಬಣ್ಣಾ ಹೊಡಸಿದ್ನೆರಿ. ಗೆರಿ ಕೆಳಗಿದ್ರ ನೀರಾಗ ತೊಯ್ದು ಹೊಲಸ ಆಗ್ತಿತ್ತು. ಈಗ ನೋಡ್ರಿ, ಎಷ್ಟ್ ಚಂದ ಕಾಣ್ತೈತಿ.”

ಇನ್ನೊಂದು ಕಡವಿನಲ್ಲಿ ಒಂದಕ್ಕೆ ಮೂರು ಗೆರೆಗಳಾಗಿದ್ದವು, ನಡುವೆ ಒಂದು ಕುಂಕುಮದ ಬೊಟ್ಟು. ಅಂಬಿಗ ಹೆಮ್ಮೆಯಿಂದ, “ಒಂದ ಎಳದ್ರ ಸರಕಾರ ಕಾಯ್ತೈತಿ, ಮೂರ್ ಎಳದ್ರ ಶಿವಾ ಕಾಯ್ತಾನ್ರಿ,” ಎಂದ. ಯಾರು ಹೆಚ್ಚು ಎಂದು ವಾದಿಸಲು ನನ್ನಿಂದ ಆಗಲಿಲ್ಲ.

ಇದ್ದ ಗೆರೆ ಇದ್ದಲ್ಲೇ ಇದ್ದುದು ಫಕೀರಪ್ಪನ ದೋಣಿಯಲ್ಲಿ ಮಾತ್ರ. ಅವನ ಊರಿನ ಹೆಸರು ಬೇಡ. ತುಂಗಭದ್ರೆಯ ಈಚೆ ದಡದಲ್ಲಿದೆ ಎಂದರೆ ಸಾಕು. ಆಚೆ ದಡ ಆಗ ಬಳ್ಳಾರಿ ಜಿಲ್ಲೆ. ಫಕೀರಪ್ಪ ನಡುವಯಸ್ಸಿನ ಅಂಬಿಗ, ಎದೆಯ ಅಗಲಕ್ಕೆ ಒಪ್ಪದ ಸಣ್ಣ ದನಿಯವನು. ಅವನಿಗೆ ತುಂಡು ಹೊಲವೂ ಇರಲಿಲ್ಲ. ಅಜ್ಜನ ಕಾಲದಿಂದ ಆ ಕಡವೇ ಅವರ ಹೊಲ. ಪರವಾನಗಿ ಅವನ ಹೆಸರಿನಲ್ಲಿತ್ತು. ಅದು ಹೋದರೆ ಹೊಳೆಯ ಬದಿಯಲ್ಲೇ ಇದ್ದೂ ಹೊಳೆಗೆ ದೋಣಿ ಇಳಿಸುವ ಹಾಗಿರಲಿಲ್ಲ.

ಆ ಚಳಿಗಾಲದಲ್ಲಿ, ಸಂಕ್ರಮಣ ಕಳೆದ ಮೇಲೆ, ಆಚೆ ದಡದ ರೈತರು ಎಂದಿನಂತೆ ಒಣಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿ ಪೇಟೆಗೆ ಸಾಗಿಸುತ್ತಿದ್ದರು. ಫಕೀರಪ್ಪನ ದೋಣಿಯಲ್ಲಿ ಹೊಳೆ ದಾಟಿದರೆ ದಂಡೆಯ ಮೇಲೆಯೇ ಒಂದು ಖಾಸಗಿ ಬಸ್ಸು ನಿಂತಿರುತ್ತಿತ್ತು. ಹಸಿರು ಬಣ್ಣ, ಕೆಂಪು ಮೂತಿ. ಜನ ಅದಕ್ಕೆ ಗಿಳಿ ಬಸ್ಸು ಎನ್ನುತ್ತಿದ್ದರು. ಮೆಣಸಿನಕಾಯಿ ಪೇಟೆಯ ದಿನಗಳಲ್ಲಿ ಅದು ರಾಣೆಬೆನ್ನೂರು, ಮೋಟೆಬೆನ್ನೂರು ಹಾಯ್ದು ಬ್ಯಾಡಗಿಗೆ ಹೋಗುತ್ತಿತ್ತು. ಚಾಲಕ ಖಾದರಸಾಬ ನಗುಮುಖದವನು. ಅವನ ಬಸ್ಸಿನ ಹಾರ್ನ್ ಆ ಊರಿನ ಗಡಿಯಾರವಾಗಿತ್ತು. ಅದು ಕೂಗಿದರೆ ಗಂಡಸರು ಚಹಾ ಬಿಟ್ಟು ಏಳುತ್ತಿದ್ದರು, ಹೆಂಗಸರು ರೊಟ್ಟಿಗಂಟು ಕಟ್ಟುತ್ತಿದ್ದರು. ಬಸ್ಸಿನಲ್ಲಿ ಸೀಟು ಹಿಡಿಯುವುದೆಂದರೆ ಸಣ್ಣ ಯುದ್ಧ. ಕಿಟಕಿಯಿಂದ ಟವೆಲ್ ಒಗೆದವರದ್ದೇ ಸೀಟು. ಸಿಗದಿದ್ದರೆ ಬ್ಯಾಡಗಿಯವರೆಗೆ ಒಂಟಿಕಾಲ ಮೇಲೆ ಪ್ರಯಾಣ.

ಆ ದಿನ ನಾನು ಆಚೆ ದಡದಲ್ಲಿ ಒಂದು ದೋಣಿ ಪರೀಕ್ಷೆ ಮುಗಿಸಿ ಫಕೀರಪ್ಪನ ದೋಣಿ ಹತ್ತಿದೆ. ಚೀಲಗಳು ದೋಣಿಯ ಅಂಚಿಗಿಂತ ಮೇಲಕ್ಕೆ ಒಟ್ಟಿದ್ದವು. ಅವುಗಳ ಮೇಲೆ ನಾವು. ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುವ ಹೆಂಗಸರು, ಅವರ ಮುಂದಾಳು ಬಸವ್ವ, ನಾಲ್ಕಾರು ರೈತರು, ಮತ್ತು ಎಲ್ಲರಿಗಿಂತ ಎತ್ತರದ ಚೀಲದ ಮೇಲೆ, ಮರ್ಯಾದೆಗೆಂದು ಅವರೇ ಕೂರಿಸಿದ ನಾನು. ಹತ್ತುವ ಮೊದಲು ಬಿಳಿ ಗೆರೆ ನೋಡಿದ್ದೆ. ನೀರಿನಿಂದ ಸಾಕಷ್ಟು ಮೇಲಿತ್ತು. ನನ್ನ ಗೆರೆ ಕೆಲಸ ಮಾಡುತ್ತಿದೆ ಎಂದು ಖುಷಿಯೂ ಆಗಿತ್ತು.

ಮೆಣಸಿನಕಾಯಿಯ ಧೂಳಿಗೆ ನಾನು ಸೀನತೊಡಗಿದೆ. ಬಸವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. “ಸಾಹೇಬ್ರ, ಸಾವಕಾಶ ಸೀನ್ರಿ. ನೀವು ಸೀನಿದ್ರ ದೋಣಿ ಲಗೂ ಹೊಂಟೈತಿ. ಫಕೀರಣ್ಣಗ ಗಳಾ ಹಾಕೂ ಕೆಲ್ಸಾನ ಇಲ್ಲ.”

ಅದೇ ನಾನು ಒಣಗಿದ್ದಾಗ ಕೇಳಿದ ಕೊನೆಯ ತಮಾಷೆ.

ದಂಡೆ ಹತ್ತಿರ ಬಂತು. ಅಲ್ಲಿ ದಡ ಕಡಿದಾಗಿತ್ತು, ಕೆಳಗೆ ಆಳುದ್ದಕ್ಕೂ ಮೀರಿದ ಮಡು. ಆಮೇಲೆ ಆದದ್ದನ್ನು ನಾನು ಎಷ್ಟು ಸಲ ತಿರುಗಿಸಿ ಹಾಕಿ ನೋಡಿದ್ದೇನೋ ಲೆಕ್ಕವಿಲ್ಲ. ನನ್ನ ಕೆಳಗಿನ ಚೀಲ ಮೆಲ್ಲಗೆ, ಬಹಳ ಮೆಲ್ಲಗೆ ಓರೆಯಾಯಿತು. ಆಕಾಶ ಪಕ್ಕಕ್ಕೆ ಬಂತು. ನನಗೆ ಭಯವಾಗಲಿಲ್ಲ; ಬೆರಗಾಯಿತು. ಆಮೇಲೆ ತಣ್ಣನೆಯ ಕತ್ತಲೆ. ಮೂಗು, ಕಣ್ಣು, ಗಂಟಲಲ್ಲಿ ಬೆಂಕಿ. ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಕೈ ಚಾಚಿದರೆ ದೋಣಿಯ ಹಲಗೆ ತಲೆಯ ಮೇಲಿತ್ತು. ಇಂಜಿನಿಯರಿಂಗಿನಲ್ಲಿ ತೇಲುವ ವಸ್ತುಗಳ ಬಗ್ಗೆ ನಾನು ಓದಿದ್ದರಲ್ಲಿ ಆಗ ಒಂದು ಅಕ್ಷರವೂ ನೆನಪಾಗಲಿಲ್ಲ. ಅಂಗಿಯ ಕೊರಳಪಟ್ಟಿಯನ್ನು ಯಾರೋ ಹಿಡಿದು ಕೆಳಕ್ಕೆ ಎಳೆದರು. ಸತ್ತೆ ಎಂದುಕೊಂಡೆ. ಕೆಳಕ್ಕೆ ಎಳೆದದ್ದು ದೋಣಿಯ ಅಡಿಯಿಂದ ಬಿಡಿಸಿ ಹೊರಗೆ ತರಲು. ಎಳೆದವನು ಫಕೀರಪ್ಪ. ನನ್ನನ್ನು ಒಂದು ಚೀಲಕ್ಕೆ ತಗಲಿಸಿ ಅವನು ಮತ್ತೆ ಮುಳುಗಿದ.

ಮೆಣಸಿನಕಾಯಿ ಚೀಲಗಳು ತೇಲುತ್ತಿದ್ದವು! ಒಬ್ಬೊಬ್ಬರೂ ಒಂದೊಂದು ಚೀಲ ತಬ್ಬಿಕೊಂಡು ದಡ ಸೇರಿದೆವು. ಎಲ್ಲರೂ ಬದುಕಿದೆವು. ಆದರೆ ಖಾರದ ನೀರು ಕಣ್ಣಿಗೆ ಹೋಗಿ ಎಲ್ಲರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದೆವು. ದಂಡೆಯ ಜನ ಅದನ್ನು ಬೇರೆಯೇ ಅರ್ಥ ಮಾಡಿಕೊಂಡರು. ಯಾರು ಹೋದರೋ ಎಂದು ಎದೆ ಬಡಿದುಕೊಂಡು ಊರಿಗೆ ಊರೇ ಗೋಳಾಡಲು ಶುರುಮಾಡಿತು. ಬಸವ್ವ ಕಣ್ಣುಜ್ಜಿಕೊಳ್ಳುತ್ತ ಕಿರುಚಿದಳು: “ಏ, ಸುಮ್ನಾಗ್ರಬೇ! ಯಾರೂ ಸತ್ತಿಲ್ಲ, ಕಣ್ಣು ಉರ್ಯಾಕತ್ತಾವು!” ಗೋಳು ನಿಲ್ಲಲು ಸಾಕಷ್ಟು ಹೊತ್ತು ಹಿಡಿಯಿತು. ಒಂದು ಸಲ ಅಳಲು ಕೂತವರನ್ನು ಎಬ್ಬಿಸುವುದು ಸುಲಭವಲ್ಲ.

ಮರುದಿನವೇ ಫಕೀರಪ್ಪನ ಪರವಾನಗಿಯನ್ನು ತಡೆಹಿಡಿಯಲಾಯಿತು. ಪೂರ್ತಿ ರದ್ದು ಮಾಡುವುದು ಕುಲಕರ್ಣಿ ಸಾಹೇಬರ ಒಂದು ಸಹಿಯ ಕೆಲಸ. ಬೇರೆ ಊರಿನ ಗುತ್ತಿಗೆದಾರನೊಬ್ಬ ಆ ಕಡವಿಗಾಗಿ ಆಗಲೇ ಕಚೇರಿಯ ಮೆಟ್ಟಿಲು ಹತ್ತಿ ಹೋಗಿದ್ದ. ನಾನು ಸಾಹೇಬರ ಮುಂದೆ ನಿಂತೆ.

“ನೀರು ಸುಮ್ಮನಿತ್ತು?” ಎಂದರು.

“ಹೌದ್ರಿ.”

“ಗಾಳಿ?”

“ಇರ್ಲಿಲ್ರಿ.”

“ದೋಣಿ ಸುದ್ದ ಅದ. ನೀನ ತಪಾಸಣಿ ಮಾಡಿ ಸಹಿ ಹಾಕೀದಿ. ಇನ್ನ ಏನ್ ಉಳೀತು?”

“ಸರ್, ಆಂವ ನನ್ನ ಜೀವಾ ಉಳ್ಸ್ಯಾನ್ರಿ.”

“ಅದಕ್ಕ ನೀ ಅಂವಗ ಊಟಕ್ಕ ಕರಿ. ನಾ ಬ್ಯಾಡ ಅಂದಿಲ್ಲ. ಮುಳುಗಿಸಿದಾಂವ ಎತ್ತಿದ್ರ ಮುಳುಗಿಸಿದ್ದು ಹೋಗೂದಿಲ್ಲ.” ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು, “ಗಳ ಹಿಡದಾಂವನ್ನ ಬಿಟ್ಟು ಬ್ಯಾರೆ ಕಾರಣ ಇದ್ರ ನನ್ನ ಕಣ್ಣಿಗೆ ಕಾಣೂ ಹಂಗ ತೋರ್ಸು. ಮತ್ತ ಕೊಡಿ ಗಿಡಿ ಬರದು ತರಬ್ಯಾಡ,” ಎಂದರು.

ಮೊದಲು ಬ್ಯಾಡಗಿಗೆ ಹೋದೆ. ಪೇಟೆಯ ಅಂಗಳದಲ್ಲಿ ಕೆಂಪು ಗುಡ್ಡೆಗಳ ನಡುವೆ ಸೀನುತ್ತ ಒಂದು ದಲಾಲಿ ಅಂಗಡಿ ಸೇರಿ, ಒಂದು ಚೀಲ ಎತ್ತಿ ನೋಡುತ್ತೇನೆ ಎಂದೆ. ಹಮಾಲರು ಜಾಗ ಬಿಟ್ಟರು. ಅಷ್ಟು ದೊಡ್ಡ ಚೀಲ, ಒಂದು ಪಲ್ಲ ಜೋಳದಷ್ಟಾದರೂ ಭಾರವಿರುತ್ತದೆ ಎಂದು ಸೊಂಟ ಬಿಗಿದು, ಉಸಿರು ಹಿಡಿದು ಜಗ್ಗಿದೆ. ಚೀಲ ಹಗುರಾಗಿ ಮೇಲೆದ್ದು ನನ್ನ ಎದೆಗೆ ಬಡಿಯಿತು. ನಾನು ಹಿಂದಕ್ಕೆ ಮೆಣಸಿನಕಾಯಿ ಗುಡ್ಡೆಯಲ್ಲಿ ಮಲಗಿದೆ. ಒಬ್ಬ ಹಮಾಲ ನನ್ನನ್ನು ಎತ್ತಿ ಕೂರಿಸುತ್ತ, “ನೋಡಾಕ ಎಮ್ಮಿ ಐತ್ರಿ, ಎತ್ತಿದ್ರ ಕುರಿಮರಿ,” ಎಂದ.

ಗುಡ್ಡೆಯಲ್ಲಿ ಮಲಗಿದ್ದಾಗಲೇ ನನಗೆ ಅರ್ಧ ಹೊಳೆಯಿತು. ನನ್ನ ಗೆರೆ ಭಾರವನ್ನು ಅಳೆಯುತ್ತದೆ, ಎತ್ತರವನ್ನಲ್ಲ. ಜೋಳದ ಚೀಲ ಹೇರಿದ್ದರೆ ದೋಣಿ ಗೆರೆಯವರೆಗೆ ಮುಳುಗುತ್ತಿತ್ತು, ಚೀಲಗಳು ತಳದಲ್ಲಿ ಕೂರುತ್ತಿದ್ದವು. ಮೆಣಸಿನಕಾಯಿ ಹಾಗಲ್ಲ. ಗೆರೆ ಒಣಗಿಯೇ ಇರುತ್ತದೆ, ಒಟ್ಟಿಲು ಮಾತ್ರ ಏರುತ್ತದೆ. ಆ ಒಟ್ಟಿಲಿನ ಮೇಲೆ ಜನ. ಗೆರೆ ಒಣಗಿದೆ ಎಂಬ ಧೈರ್ಯ ಬೇರೆ. ಆದರೂ ಕೂತ ಜನ ಕೂತಂತೆಯೇ ಇದ್ದರೆ ಅಂಥ ದೋಣಿಯೂ ದಡ ಮುಟ್ಟುತ್ತದೆ, ವರ್ಷಗಟ್ಟಲೆ ಮುಟ್ಟಿದೆ. ಆ ದಿನ ಏನು ಅಲುಗಿತು?

ಫಕೀರಪ್ಪನ ಊರಿನ ಚಾವಡಿಯಲ್ಲಿ ಮೇಜು ಹಾಕಿ ಕೂತು ಆ ದಿನ ದೋಣಿಯಲ್ಲಿದ್ದವರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಎಲ್ಲರದೂ ಕೈಮುಗಿದು ಒಂದೇ ಉತ್ತರ: “ನಮ್ಮ ದೈವ ರೀ.” ಮೇಜು ಇರುವವರೆಗೆ ಯಾರೂ ಬಾಯಿ ಬಿಡುವುದಿಲ್ಲ ಎಂದು ತಿಳಿದು ಎದ್ದೆ. ಎಲ್ಲರನ್ನೂ ಹೊಳೆಯ ಉಸುಕಿಗೆ ಕರೆದುಕೊಂಡು ಹೋಗಿ ಕೋಲಿನಿಂದ ದೋಣಿಯ ಆಕಾರ ಗೀರಿ, ಆ ದಿನ ಕೂತ ಹಾಗೆಯೇ ಕೂರಿರಿ ಎಂದೆ. ಹೊಸಬರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದು. ಯಾಕೆ ಎಂದು ಕೇಳಬೇಡಿ. ಎಲ್ಲಿ ಕೂತಿದ್ದಿರಿ, ಕೈಯಲ್ಲಿ ಏನಿತ್ತು, ಯಾರ ಜೊತೆ ಜಗಳವಾಡುತ್ತಿದ್ದಿರಿ ಎಂದು ಕೇಳಿ.

ಉಸುಕಿನ ದೋಣಿಯಲ್ಲಿ ಕೂತ ಕೂಡಲೇ ಜನಕ್ಕೆ ಜೀವ ಬಂತು. “ಏ, ನೀ ಇಲ್ಲಿ ಇರ್ಲಿಲ್ಲ, ನನ್ನ ಗಂಟಿನ ಮ್ಯಾಲೆ ಕುಂತಿದ್ದಿ!” “ನಿನ್ನ ಗಂಟಿನಾಗ ಏನ್ ಬಂಗಾರ ಇತ್ತೇನ?” ಸೀನುಗಳೂ ಸಹಿತ ಎಲ್ಲ ತಿರುಗಿ ಬಂದವು. ಬಸವ್ವ ನನ್ನ ಸೀನನ್ನು ಎಷ್ಟು ಚೆನ್ನಾಗಿ ಸೀನಿದಳೆಂದರೆ ನನಗೇ ನಾಚಿಕೆಯಾಯಿತು. ಎಲ್ಲರೂ ದಂಡೆ ಹತ್ತಿರ ಬಂದದ್ದನ್ನು ಹೇಳಿದರು. “ಆಮ್ಯಾಲೆ?” ಎಂದೆ. “ಆಮ್ಯಾಲೆ ಮಗುಚಿತ್ರಿ,” ಎಂದರು. ಆ ಎರಡರ ನಡುವೆ ಏನಾಯಿತು? ಯಾರಿಗೂ ನೆನಪಿಲ್ಲ. ನನಗೂ ಇಲ್ಲ. ದಿನಾ ಉಸಿರಾಡುವವನಿಗೆ ಉಸಿರಾಡಿದ್ದು ನೆನಪಿರುತ್ತದೆಯೇ, ಅದು ಹಾಗಿತ್ತು.

ಫಕೀರಪ್ಪ ಮಾತ್ರ ಒಂದು ಮಾತು ಹೇಳಿದ. “ಕುಂದ್ರಿ ಕುಂದ್ರಿ ಅಂತ ಒದರಿದ್ನೆರಿ ನಾ. ಯಾರಿಗೂ ಕೇಳ್ಲಿಲ್ಲ.”

“ಕುಂದ್ರಿ ಅನ್ನಾಕ ಯಾರು ಎದ್ದಿದ್ರಪಾ?” ಎಂದು ಬಸವ್ವ ಕೇಳಿದಳು. “ನಾ ಅಂತೂ ಎದ್ದಿಲ್ಲ.” ಒಬ್ಬರಾದ ಮೇಲೆ ಒಬ್ಬರು, ನಾನು ಎದ್ದಿಲ್ಲ, ನಾನು ಎದ್ದಿಲ್ಲ ಎಂದು ಆಣೆ ಇಟ್ಟರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಫಕೀರಪ್ಪ ತಲೆ ತಗ್ಗಿಸಿ ಉಸುಕಿನಲ್ಲಿ ಬೆರಳಾಡಿಸಿದ.

ಉಳಿದದ್ದು ಒಂದೇ ದಾರಿ. ಕಣ್ಣಿಗೆ ಕಾಣುವ ಹಾಗೆ ತೋರಿಸು ಎಂದಿದ್ದರಲ್ಲ, ಸಾಹೇಬರನ್ನೇ ಹೊಳೆಗೆ ಕರೆದೆ. ಮಡುವಿನಿಂದ ಸ್ವಲ್ಪ ಮೇಲಕ್ಕೆ, ಮೊಣಕಾಲುಮಟ್ಟ ನೀರಿದ್ದ ಕಡೆ ಅದೇ ದೋಣಿ ನಿಲ್ಲಿಸಿದೆವು. ಸೇಂಗಾ ಹೊಟ್ಟು ತುಂಬಿದ ಚೀಲಗಳನ್ನು ಮೆಣಸಿನಕಾಯಿಯಷ್ಟೇ ಎತ್ತರಕ್ಕೆ ಒಟ್ಟಿದೆವು. ಆ ದಿನ ದೋಣಿಯಲ್ಲಿದ್ದವರೇ ಮತ್ತೆ ಹತ್ತಿ ಕೂತರು, ನನ್ನನ್ನು ಬಿಟ್ಟು. ಮಗುಚಿದ ದಿನದಿಂದ ನಾನು ದೋಣಿಗೆ ಕಾಲಿಟ್ಟಿರಲಿಲ್ಲ. ದಡದಲ್ಲಿ ನಿಂತು ಬರೆದುಕೊಳ್ಳುತ್ತೇನೆ ಎಂದೆ. ಅಮ್ಮ ಹೇಳಿದ ಹಾಗೆ, ದೂರದಿಂದ.

ಫಕೀರಪ್ಪ ಗಳ ಊರಿದ. ಎಡಕ್ಕೆ ದೂಡಿದ, ಬಲಕ್ಕೆ ದೂಡಿದ. ಜನ ಸೀನಿದರು, ಜಗಳವಾಡಿದರು, ವೀಳ್ಯದೆಲೆ ಹಂಚಿಕೊಂಡರು. ದೋಣಿ ನಾಲ್ಕು ಕಾಲಿನ ಹೊರಸಿನ ಹಾಗೆ ಗಟ್ಟಿಯಾಗಿ ನಿಂತಿತ್ತು. ಸಾಹೇಬರು ದಡದಲ್ಲಿ ಅತ್ತಿಂದಿತ್ತ ಓಡಾಡಿ ಕೊನೆಗೆ, “ನಾನೂ ಹತ್ತತೇನಿ. ಹಡಗಿನ ಮ್ಯಾಲೆ ಇದ್ದಾಂವ ನಾ, ಓಲಾಟ ಅಂದ್ರ ಏನು ಅಂತ ಗೊತ್ತದ,” ಎಂದು ಎಲ್ಲರಿಗಿಂತ ಎತ್ತರದ ಚೀಲವನ್ನು ಏರಿದರು. ಅದು ನಾನು ಕೂತಿದ್ದ ಜಾಗ. ಬಿಳಿ ಬೂಟು ಜೋಡಿಸಿ, ಟೊಪ್ಪಿಗೆ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಕೂತರು.

“ಭಾಳ ಛಲೋ ದೋಣಿ ಅದ,” ಎಂದರು. “ಅಂದ್ರ ನಜೀರ, ತಪ್ಪು ದೋಣೀದಲ್ಲ, ಜನರದಲ್ಲ. ಗಳದ್ದ. ಏನ್ ಅಂತೀ?”

ಫಕೀರಪ್ಪ ಗಳವನ್ನು ದೋಣಿಯೊಳಗೆ ಅಡ್ಡ ಇಟ್ಟು ಅದನ್ನು ಅಂಗೈಯಿಂದ ಒರೆಸಿದ. ಇನ್ನು ಅದನ್ನು ಯಾರಿಗೋ ಕೊಡಬೇಕಾದವನು ಹಾಗೆ ಒರೆಸುತ್ತಾನೆ.

ಆಗ ದಂಡೆಯ ಮೇಲೆ ಗಿಳಿ ಬಸ್ಸು ಬಂತು. ಖಾದರಸಾಬ ದೋಣಿ ನೋಡಿದ. ಎಂದಿನಂತೆ ಹಾರ್ನ್ ಒತ್ತಿದ. ಪೋಂ, ಪೋಂ, ಪೋಂ.

ದೋಣಿಯಲ್ಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತು ದಂಡೆಯ ಕಡೆಗೆ ತಿರುಗಿದರು. ಯಾರೂ ಯಾರನ್ನೂ ನೋಡಲಿಲ್ಲ. ಬಸವ್ವನ ಕೈ ಆಗಲೇ ಸೊಂಟದ ಟವೆಲಿಗೆ ಹೋಗಿತ್ತು. ಅವರಲ್ಲಿ ಒಬ್ಬರಿಗೂ ಆ ದಿನ ಬಸ್ಸು ಹಿಡಿಯಬೇಕಾಗಿರಲಿಲ್ಲ. ಅವರ ನಡುವೆ ಎಲ್ಲರಿಗಿಂತ ಎತ್ತರದಲ್ಲಿ, ಟೊಪ್ಪಿಗೆಯನ್ನು ಒಂದು ಕೈಯಲ್ಲಿ ಹಿಡಿದು ಕುಲಕರ್ಣಿ ಸಾಹೇಬರೂ ಎದ್ದು ನಿಂತಿದ್ದರು. ಅವರ ಜೀಪು ಬೇವಿನ ಮರದ ಕೆಳಗೆ ಕಾಯುತ್ತಿತ್ತು!

“ಕುಂದ್ರಿ!” ಎಂದು ಫಕೀರಪ್ಪ ಒದರಿದ್ದು ನನಗೆ ಅವನ ಬಾಯಿ ನೋಡಿ ಗೊತ್ತಾಯಿತು, ಕೇಳಿ ಅಲ್ಲ. ಹಾರ್ನ್ ಇನ್ನೂ ಕೂಗುತ್ತಿತ್ತು. ಒಟ್ಟಿಲು ಮೆಲ್ಲಗೆ, ಬಹಳ ಮೆಲ್ಲಗೆ ಓರೆಯಾಯಿತು. ಆ ಮೆಲ್ಲಗೆ ನನಗೆ ಗುರುತಿತ್ತು. ನನ್ನ ಕೈ ಏನನ್ನೋ ಹಿಡಿಯಲು ಗಾಳಿಯಲ್ಲಿ ಹುಡುಕಿತು. ಚೀಲಗಳು, ಹೆಂಗಸರು, ರೈತರು, ಸಾಹೇಬರು ಎಲ್ಲ ಮೊಣಕಾಲುಮಟ್ಟದ ನೀರಿಗೆ ಜಾರಿದರು. ನಾನು ನಿಂತ ಜಾಗ ನೋಡಿಕೊಂಡೆ. ದಡದಲ್ಲಿದ್ದ ನನ್ನ ಕಾಲೂ ಬಸ್ಸಿನ ಕಡೆಗೆ ಒಂದು ಹೆಜ್ಜೆ ಇಟ್ಟಾಗಿತ್ತು.

ಎಲ್ಲರೂ ಎದ್ದು ನಿಂತು ಬಾಯಿಗೆ ಹೋದ ನೀರು ಉಗುಳಿದರು. ಸಾಹೇಬರು ಮಾತ್ರ ಕೂತೇ ಇದ್ದರು, ಹೊಳೆಯಲ್ಲಿ, ಎದೆಯವರೆಗೆ. ಟೊಪ್ಪಿಗೆ ತೇಲಿ ಹೋಗುತ್ತಿತ್ತು. ಅವರು ಬಸ್ಸನ್ನು ನೋಡಿದರು, ಜೀಪನ್ನು ನೋಡಿದರು, ಫಕೀರಪ್ಪನನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅವರು ಅಷ್ಟು ನಕ್ಕದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ.

“ನಜೀರ, ಬರಕೋ.”

“ಏನಂತ ಬರೀಲ್ರಿ, ಸರ್?”

“ನಾನೂ ಎದ್ದೆ ಅಂತ ಬರಕೋ.”

ಬಸವ್ವ ಸೀರೆ ಹಿಂಡುತ್ತ, “ಸಾಹೇಬ್ರಿಗೂ ಸೀಟು ಬೇಕಾಗಿತ್ತೇನ್ರಿ?” ಎಂದಳು. ಆಗ ಊರಿಗೆ ಊರೇ ನಕ್ಕಿತು.

ಖಾದರಸಾಬ ಗಾಬರಿಯಾಗಿ ಓಡಿ ಬಂದ. ವಿಷಯ ತಿಳಿದು ಅವನ ಮುಖ ಸಣ್ಣದಾಯಿತು. “ನಾ ಪುಣ್ಯೇಕ ಹೊಡೀತಿದ್ದೆ ಸಾಬ್! ಬಸ್ಸು ಬಿಟ್ಟೀತು ಅಂತ ಯಾರೂ ಅಂಜಬಾರ್ದು, ಸಾವಕಾಶ ಬರ್ಲಿ ಅಂತ.” ಅವನ ಮಾತು ಖರೇ ಆಗಿತ್ತು. ಅವನು ಸಾವಕಾಶ ಬನ್ನಿ ಎಂದು ಹೊಡೆಯುತ್ತಿದ್ದ. ಜನಕ್ಕೆ ಅದು ಏಳಿ ಎಂದು ಕೇಳುತ್ತಿತ್ತು. ಬರೀ ತಲೆಗೆ ಕೇಳಿದ್ದರೆ ಯಾರಾದರೂ ನೆನಪಿಡುತ್ತಿದ್ದರು. ಅದು ಕಾಲಿಗೆ ಕೇಳುತ್ತಿತ್ತು.

ಪರಿಹಾರವೂ ಒಂದೇ ಏಟಿಗೆ ಸಿಗಲಿಲ್ಲ. ಮೊದಲು ಹಾರ್ನ್ ನಿಲ್ಲಿಸಿದೆವು. ಮೊದಲ ದಿನವೇ, ಹಾರ್ನ್ ಕೇಳಿಸಲಿಲ್ಲವಲ್ಲ, ಬಸ್ಸು ಬಂದಿದೆಯೋ ಇಲ್ಲವೋ ನೋಡೋಣ ಎಂದು ದೋಣಿಯಲ್ಲಿದ್ದವರೆಲ್ಲ ಎದ್ದು ನಿಂತರಂತೆ. ಫಕೀರಪ್ಪನ ಬದಲಿಗೆ ತಾತ್ಕಾಲಿಕವಾಗಿ ದೋಣಿ ನಡೆಸುತ್ತಿದ್ದವನು ಗಳ ಬಿಟ್ಟು ಕೈಮುಗಿದು ಅವರನ್ನು ಕೂರಿಸಿದನಂತೆ. ಆಮೇಲೆ ಬಸ್ಸು ನಿಲ್ಲುವ ಜಾಗವನ್ನೇ ಚಾವಡಿಯ ಹಿಂದಕ್ಕೆ ಸಾಗಿಸಿದೆವು. ಹೊಳೆಯಿಂದ ಅದು ಕಾಣುವುದಿಲ್ಲ. ದೋಣಿಯ ಕೊನೆಯವರು ಬಂದು ಹತ್ತುವ ತನಕ ಹೊರಡುವುದಿಲ್ಲ ಎಂದು ಖಾದರಸಾಬ ಮಾತು ಕೊಟ್ಟ, ನಡೆಸಿದ. ಚೀಲಗಳನ್ನು ಅಂಚಿಗಿಂತ ಮೇಲೆ ಒಟ್ಟಬಾರದು, ಚೀಲದ ಮೇಲೆ ಜನ ಕೂರಬಾರದು ಎಂಬ ನಿಯಮವೂ ಬಂತು. ಅಚ್ಚಿನ ಹಾಳೆಯಲ್ಲಿ ಸಾಹೇಬರು ನಾಲ್ಕು ಕಾರಣಗಳ ಕೆಳಗೆ ಒಂದು ಖಾಲಿ ಸಾಲು ಸೇರಿಸಿದರು. ಆ ಸಾಲಿಗೆ ಕಚೇರಿಯಲ್ಲಿ ಎಲ್ಲರೂ ಕೊಡೆ ಸಾಲು ಎನ್ನುತ್ತಿದ್ದರು. ಮುಂದೆ ತೊಂಬತ್ತರ ದಶಕದಲ್ಲಿ ಬಂದ ಹೊಸ ಹಾಳೆಗಳಲ್ಲಿ ಅದೇ ಸಾಲು ಒಂದು ಪೂರ್ತಿ ಪುಟವಾಯಿತು.

ವರದಿಗೆ ಸಹಿ ಹಾಕುವಾಗ ಸಾಹೇಬರು ‘ತನಿಖಾಧಿಕಾರಿಯೂ ಎದ್ದು ನಿಂತರು’ ಎಂಬ ಸಾಲಿನ ಕೆಳಗೆ ಗೆರೆ ಎಳೆದರು. ಮೇಲಿನವರು ಓದದೆ ಬಿಟ್ಟಾರು ಎಂದು.

ಫಕೀರಪ್ಪನ ಪರವಾನಗಿಯನ್ನು ನಾನೇ ತೆಗೆದುಕೊಂಡು ಹೋದೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ತನ್ನ ಟೊಪ್ಪಿಗೆಯೊಳಗೆ ಮಡಚಿಟ್ಟ. “ಬರ್ರಿ ಸಾಹೇಬ್ರ, ಒಂದ್ ಸುತ್ತ ಹಾಕಿ ಬರೂಣು,” ಎಂದ.

“ಬ್ಯಾಡಪಾ. ನನಗ ಅವಸರ ಐತಿ.”

“ಅವಸರ ಅಲ್ರಿ, ನಿಮಗ ಅಂಜಿಕಿ ಐತಿ,” ಎಂದಳು ಆಗಲೇ ದೋಣಿಯಲ್ಲಿ ಕೂತಿದ್ದ ಬಸವ್ವ. “ನಮಗೂ ಐತಿ. ಹತ್ರಿ, ಕೂಡೇ ಅಂಜೂಣು.”

ಹತ್ತಿದೆ. ಎರಡೂ ಕೈಯಲ್ಲಿ ಹಲಗೆ ಹಿಡಿದು ಕೂತೆ. ಆಚೆ ದಡಕ್ಕೆ ಹೋಗಿ ಜನರನ್ನು ತುಂಬಿಕೊಂಡು ತಿರುಗಿ ಬಂದೆವು. ಮಡುವಿನ ಹತ್ತಿರ ಬಂದಾಗ ನನ್ನ ಬಾಯಿಯಲ್ಲಿ ಖಾರದ ರುಚಿ ಬಂತು. ಅದು ಈಗಲೂ ಬರುತ್ತದೆ. ದಂಡೆಯ ಮೇಲೆ ಬಸ್ಸಿರಲಿಲ್ಲ, ಹಾರ್ನ್ ಇರಲಿಲ್ಲ. ಹೊಳೆ ಹರಿಯುವ ಸದ್ದು ಮಾತ್ರ. ಯಾರೋ ಒಬ್ಬರು ಹಿಂದೆ ಗಂಟು ಎತ್ತಿಕೊಂಡು ಮೊಣಕಾಲೂರಿದರು.

“ಕುಂದ್ರಿ,” ಎಂದ ಫಕೀರಪ್ಪ, ಅದೇ ಸಣ್ಣ ದನಿಯಲ್ಲಿ.

ಎಲ್ಲರಿಗೂ ಕೇಳಿಸಿತು. ಎಲ್ಲರೂ ಕೂತರು.